ನಾಲ್ಕನೇ ತಾರಸಿಯ ಬೊಂಬೆ

"ರೆನಾತಾ ಬ್ಯಾಂಡ್ ಬಿಟ್ಬಿಟ್ಳಂತೆ!"

ಲಂಚ್ ಟ್ರೇಯನ್ನು ಟೇಬಲ್ ಮೇಲೆ ಇಡುವ ಮೊದಲೇ ಕ್ಲೋಯಿ ಹೇಳಿದಳು. ಬಾಯಿಯವರೆಗೆ ಬಂದಿದ್ದ ಹರಿಣಿಯ ಚಪಾತಿ ರೋಲ್ ಅಲ್ಲೇ ನಿಂತಿತು.

"ಸುಳ್ಳು," ಅಂದಳು ಬೆತೆಲ್.

"ಪ್ರಾಮಿಸ್! ಬೆಳಿಗ್ಗೆ ನಮ್ಮಕ್ಕ ವಿಡಿಯೋ ತೋರಿಸಿದ್ಲು. ನಾಲ್ಕೂ ಜನ ಸೋಫಾ ಮೇಲೆ ಕೂತಿದ್ರು. ರೆನಾತಾ ಅಳ್ತಾ ಇದ್ಲು. ಸ್ಪ್ಯಾನಿಷ್‌ನಲ್ಲಿ ಏನೇನೋ ಹೇಳಿದ್ಲು. ಇನ್ಮೇಲೆ ಮೂರೇ ಜನ."

ಎಲ್ಲರೂ ಹಿಮೇನಾ ಕಡೆ ತಿರುಗಿದರು. ಹಿಮೇನಾಳ ಅಮ್ಮ ಮೆಕ್ಸಿಕೋದ ಪುಯೆಬ್ಲಾ ಊರಿನವರು. ಬ್ಯಾಂಡಿನ ಹುಡುಗಿಯರೂ ಅದೇ ಊರಿನವರೇ. ಹಾಗಾಗಿ ಬ್ಯಾಂಡಿನ ಯಾವ ಸುದ್ದಿಯಾದರೂ ಹಿಮೇನಾ ಹೌದು ಅಂದಮೇಲೇ ಹೌದು.

"ನಿಜ," ಅಂದಳು ಹಿಮೇನಾ. ತಲೆ ಎತ್ತಲಿಲ್ಲ.

ಆ ಬ್ಯಾಂಡಿನ ಹೆಸರು ಕ್ವಾತ್ರೋ ತೇಚೋಸ್. ಹಾಗೆಂದರೆ ನಾಲ್ಕು ತಾರಸಿಗಳು. ಲಾಕ್‌ಡೌನ್‌ನಲ್ಲಿ ಯಾರೂ ಮನೆಯಿಂದ ಹೊರಗೆ ಬರುವಂತಿರಲಿಲ್ಲವಲ್ಲ, ಆಗ ಒಂದೇ ಓಣಿಯ ನಾಲ್ಕು ಹುಡುಗಿಯರು ತಂತಮ್ಮ ಮನೆಯ ತಾರಸಿ ಹತ್ತಿ ನಿಂತು ಒಟ್ಟಿಗೆ ಹಾಡಿದ್ದರು. ಒಬ್ಬಳು ಡ್ರಮ್ಸ್, ಒಬ್ಬಳು ಗಿಟಾರ್, ಒಬ್ಬಳು ಕೀಬೋರ್ಡ್, ಇನ್ನೊಬ್ಬಳದು ಬರೀ ದನಿ. ಎದುರುಮನೆಯವರು ಯಾರೋ ವಿಡಿಯೋ ಮಾಡಿದರು. ಅಲ್ಲಿಂದ ಶುರುವಾಯಿತು. ಮೊದಲ ಆಲ್ಬಮ್ ಬಂತು. ಹಳೇ ಬಸ್ಸೊಂದರಲ್ಲಿ ಊರೂರು ಸುತ್ತಿದರು. ಆಮೇಲೆ ದೊಡ್ಡ ದೊಡ್ಡ ಸ್ಟೇಡಿಯಮ್ಮುಗಳು. ಈ ಬೇಸಿಗೆಯಲ್ಲಿ ಇವರ ಊರಿನ ಹತ್ತಿರದ ವಾಷಿಂಗ್‌ಟನ್‌ಗೂ ಬಂದು ಹೋಗಿದ್ದರು.

ಈ ಟೇಬಲ್ಲಿನ ನಾಲ್ವರಲ್ಲೂ ಒಬ್ಬೊಬ್ಬರು ಒಬ್ಬೊಬ್ಬಳಾಗಿದ್ದರು. ಹಿಮೇನಾ ಹಾಡುವವಳು. ಕ್ಲೋಯಿ ಡ್ರಮ್ಸ್. ಬೆತೆಲ್ ಗಿಟಾರ್. ಎಡಗಡೆ ಕೊನೆಯಲ್ಲಿ ಕೀಬೋರ್ಡ್ ಹಿಂದೆ ನಿಲ್ಲುವ, ಜಾಸ್ತಿ ಮಾತಾಡದ ರೆನಾತಾ ಅಂದರೆ ಹರಿಣಿ. ಹೋದ ವರ್ಷ ಒಬ್ಬಳೇ ಕೂತು ಊಟ ಮಾಡುತ್ತಿದ್ದ ಹರಿಣಿಯ ಹತ್ತಿರ ಬಂದು, "ನಮಗೆ ಒಬ್ಬ ರೆನಾತಾ ಬೇಕು, ಬರ್ತೀಯಾ?" ಅಂತ ಹಿಮೇನಾನೇ ಕೇಳಿದ್ದಳು. ಅವತ್ತಿನಿಂದ ಹರಿಣಿ ಈ ಟೇಬಲ್ಲಿನಲ್ಲೇ ಕೂರುತ್ತಾಳೆ.

"ಹಾಗಾದ್ರೆ ಫ್ರೈಡೇ..." ಕ್ಲೋಯಿ ಬೆರಳು ಮಡಚುತ್ತಾ ಶುರುಮಾಡಿದಳು. ಶುಕ್ರವಾರ ಸಂಜೆ ಸ್ಕೂಲಿನ ಹೆರಿಟೇಜ್ ನೈಟ್, ಮಕ್ಕಳು ತಂತಮ್ಮ ನಾಡಿನ ಹಾಡು, ಕುಣಿತ ತೋರಿಸುವ ಕಾರ್ಯಕ್ರಮ. ಅದರಲ್ಲಿ ಇವರದೂ ಒಂದು ಹಾಡು: ಬ್ಯಾಂಡಿನ ಹಾಡನ್ನು ಸ್ಪೀಕರಿನಲ್ಲಿ ಹಾಕಿ, ರಟ್ಟಿನ ವಾದ್ಯ ಹಿಡಿದು ನುಡಿಸಿದಂತೆ ಆಡುವುದು. "ನಾವು ಮೂರು ಜನಾನಾ, ನಾಲ್ಕಾ? ಐ ಮೀನ್, ಈಗ ರೆನಾತಾ ಇಲ್ವಲ್ಲ."

ಹರಿಣಿ ಹಿಮೇನಾಳ ಮುಖ ನೋಡಿದಳು. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾದಳು.

ಹಿಮೇನಾ ಎದ್ದು ಟ್ರೇ ಎತ್ತಿಕೊಂಡು ಕಸದ ಡಬ್ಬಿಯ ಕಡೆ ಹೋದಳು.

ಹರಿಣಿ ಚಪಾತಿ ರೋಲನ್ನು ಡಬ್ಬಿಗೆ ವಾಪಸ್ ಹಾಕಿದಳು. ರೀಸೆಸ್‌ನಲ್ಲಿ ಪ್ರಾಕ್ಟೀಸಿಗೆ ನಿಂತಾಗ, ಯಾರಾದರೂ ಏನಾದರೂ ಹೇಳುವ ಮೊದಲೇ, "ನಾನು ಸ್ಪೀಕರ್ ನೋಡ್ಕೋತೀನಿ. ಯಾರಾದ್ರೂ ಬಟನ್ ಒತ್ತಬೇಕಲ್ಲ," ಅಂದುಬಿಟ್ಟಳು.

"ಓಕೆ," ಅಂದಳು ಬೆತೆಲ್.

ಹಿಮೇನಾ ಅವಳನ್ನು ಒಂದು ಕ್ಷಣ ನೋಡಿ ಆ ಕಡೆ ತಿರುಗಿದಳು. ಹರಿಣಿ ಗೋಡೆಗೆ ಒರಗಿ ಕೂತು ಬಟನ್ ಒತ್ತಿದಳು. ಹಾಡು ಶುರುವಾಗುವುದೇ ಕೀಬೋರ್ಡಿನಿಂದ. ಆ ಭಾಗ ಮುಗಿಯುವವರೆಗೆ ಮೂವರೂ ಸುಮ್ಮನೆ ನಿಂತಿದ್ದರು. ಹರಿಣಿಯ ಬೆರಳುಗಳು ಮಾತ್ರ ಮಂಡಿಯ ಮೇಲೆ ತಾವಾಗಿಯೇ ಆಡುತ್ತಿದ್ದವು. ಅವಳು ಕೈಗಳನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು.

ಮನೆಗೆ ಬಂದಾಗ ಬಾಗಿಲಲ್ಲೇ ಗುಗ್ಗರಿಯ ಒಗ್ಗರಣೆ ವಾಸನೆ. ಮೈಸೂರಿನಿಂದ ಅಮೆರಿಕಕ್ಕೆ ಬಂದಿರುವ ಅಲಮೇಲು ಅಜ್ಜಿ ನವರಾತ್ರಿಗೆ ಬೊಂಬೆ ಕೂರಿಸಿದ್ದರು. ಜರ್ಮನ್‌ಟೌನಿನ ಆ ಅಪಾರ್ಟ್‌ಮೆಂಟಿನ ಹಾಲ್ ಅರ್ಧ ಬೊಂಬೆಗಳಿಗೇ ಹೋಗಿತ್ತು. ಟಿವಿ ಬೆಡ್‌ರೂಮ್ ಸೇರಿತ್ತು. ಅಪ್ಪ ಆಫೀಸ್ ಕಾಲ್‌ಗೆ ಅಡುಗೆಮನೆಯಲ್ಲಿ ನಿಲ್ಲಬೇಕಾಗಿತ್ತು.

ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು, ರಾಜ ರಾಣಿ. ಕೆಳಗಿನ ಮೂರು ಮೆಟ್ಟಿಲು ಪೂರ್ತಿ ಕ್ವಾತ್ರೋ ತೇಚೋಸ್! "ಈ ಸಲ ಏನೇ ಥೀಮು?" ಅಂತ ಅಜ್ಜಿ ಕೇಳಿದಾಗ ಹರಿಣಿ ಹೇಳಿದ್ದು ಅದನ್ನೇ. ಟಿಶ್ಯೂ ಡಬ್ಬಿಗಳ ನಾಲ್ಕು ತಾರಸಿ, ಅದರ ಮೇಲೊಂದು ರಟ್ಟಿನ ಬಸ್ಸು, ಅದರ ಮೇಲೆ ಮಿಣಮಿಣ ಲೈಟುಗಳ ಸ್ಟೇಜು. ಸ್ಟೇಜಿನಲ್ಲಿ ಜೇಡಿಮಣ್ಣಿಗೆ ನೆಟ್ಟ ನಾಲ್ಕು ಮರದ ಚಮಚಗಳು. ಅವಕ್ಕೆ ಕಣ್ಣು, ಮೂಗು, ಉಣ್ಣೆಯ ಕೂದಲು. ರೆನಾತಾಗೆ ಅಜ್ಜಿ ತಮ್ಮ ನೇರಳೆ ರೇಷ್ಮೆ ರವಿಕೆಯ ತುಂಡಿನಲ್ಲಿ ಫ್ರಾಕ್ ಹೊಲಿದಿದ್ದರು. ಅವಳ ಮುಂದೆ ಬೆಂಕಿಪೊಟ್ಟಣದ ಕೀಬೋರ್ಡು.

ಅವತ್ತು ಪಕ್ಕದ ಬಿಲ್ಡಿಂಗಿನ ಸಿದ್ದೇಶ್ವರಿ ಆಂಟಿ ಬಂದು ಬೊಂಬೆಗಳನ್ನು ನೋಡುತ್ತಿದ್ದರು.

"ಇವ್ರು ಯಾವ ದೇವಿಯರು, ಅಲಮೇಲಮ್ಮಾ?"

"ದೇವಿಯರಲ್ಲ, ಮೆಕ್ಸಿಕೋದೋರು," ಅಂದರು ಅಜ್ಜಿ. "ತುಂಬ ಚೆನ್ನಾಗಿ ಹಾಡ್ತಾರೆ. ತಗೊಳ್ಳಿ, ಅರಿಶಿನ ಕುಂಕುಮ."

ಬೇರೆ ದಿನವಾಗಿದ್ದರೆ ಹರಿಣಿಗೆ ನಗು ಬರುತ್ತಿತ್ತು. ಆಂಟಿ ಹೋಗುವುದನ್ನೇ ಕಾದಿದ್ದು ಅವಳು ಸ್ಟೇಜಿಗೆ ಕೈ ಹಾಕಿದಳು.

"ಏಯ್, ಏನೇ ಮಾಡ್ತಿದ್ದೀಯ?"

"ಅಜ್ಜಿ, ಇವಳನ್ನ ತೆಗೀಬೇಕು. ಷೀ ಕ್ವಿಟ್. ಬ್ಯಾಂಡ್ ಬಿಟ್ಳು."

"ಬಿಡ್ಲಿ. ನಾವು ಕೂರಿಸಿದಾಗ ಇದ್ಳಲ್ಲ?"

"ಬಟ್ ಈಗ ಇಲ್ಲ! ನಾಳೆ ನನ್ನ ಫ್ರೆಂಡ್ಸ್ ಬರ್ತಾರೆ. ರಾಂಗ್ ಆಗತ್ತೆ."

"ಕೂರಿಸಿದ ಬೊಂಬೆ ಎತ್ತಬಾರದು ಕಣೇ. ಹತ್ತನೇ ದಿನದವರೆಗೂ ಯಾರನ್ನೂ ಅಲ್ಲಾಡ್ಸೋ ಹಾಗಿಲ್ಲ. ಮೂಗು ಮುರಿದ ಶೆಟ್ಟಿ ಬೊಂಬೇನೂ ಅಲ್ಲೇ ಕೂತಿಲ್ವಾ?" ಅಜ್ಜಿ ಅವಳ ಗಲ್ಲ ಹಿಡಿದೆತ್ತಿದರು. "ಯಾಕೆ ಮುಖ ಹೀಗಾಗಿದೆ? ಸ್ಕೂಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ಲಿಲ್ಲ," ಅಂದಳು ಹರಿಣಿ. ಅದು ನಿಜವೇ ಆಗಿತ್ತು. ಅದೇ ತೊಂದರೆಯಾಗಿತ್ತು.

ನಾಳೆ ಹಿಮೇನಾ ಬರುತ್ತಾಳೆ. ಸ್ಟೇಜಿನಲ್ಲಿ ನಾಲ್ಕು ಬೊಂಬೆ ನೋಡುತ್ತಾಳೆ. ಹೋದವಳನ್ನು ಇನ್ನೂ ನಿಲ್ಲಿಸಿಕೊಂಡಿದ್ದಾಳಲ್ಲ, ತಾನೂ ಬ್ಯಾಂಡಿನಲ್ಲಿ ಇರಬೇಕು ಅಂತ ಹಟ ಮಾಡ್ತಿದ್ದಾಳೆ ಅಂದುಕೊಂಡರೆ? ಪಾಪ ಅಂತ ತನ್ನನ್ನು ಗುಂಪಿನಲ್ಲಿ ಇಟ್ಟುಕೊಂಡರೆ? ಅದು ಇನ್ನೂ ಕೆಟ್ಟದ್ದು.

ಅಜ್ಜಿ ಗುಗ್ಗರಿ ಕೆದಕಲು ಒಳಗೆ ಹೋದರು. ಹರಿಣಿ ರೆನಾತಾಳ ಕಾಲು ಹಿಡಿದು ಮೆಲ್ಲಗೆ ಎಳೆದಳು. ಮಣ್ಣಿನಲ್ಲಿ ಒಂದು ಸಣ್ಣ ತೂತು ಉಳಿಯಿತು. ಬೊಂಬೆ ಜಾಕೆಟ್ಟಿನ ಜೇಬಿಗೆ ಹೋಯಿತು.

ಅಜ್ಜಿ ದಿನಾ ಬೆಳಿಗ್ಗೆ ಒಂದೊಂದು ಬೊಂಬೆಯ ಮುಂದೆಯೂ ಒಂದೊಂದು ಹೂವು ಇಡುತ್ತಿದ್ದರು. ಮಾರನೇ ದಿನ ಹರಿಣಿ ಶೂಸ್ ಹಾಕಿಕೊಳ್ಳುತ್ತಾ ಓರೆಗಣ್ಣಲ್ಲಿ ನೋಡಿದಳು. ಅಜ್ಜಿಯ ಕೈ ಸ್ಟೇಜಿನ ಹತ್ತಿರ ಬಂತು. ತೂತಿನ ಹತ್ತಿರ ನಿಂತಿತು. ಈಗ ಬೈತಾರೆ, ಅಂದುಕೊಂಡಳು. ಅಜ್ಜಿ ಬೈಯಲಿಲ್ಲ. ಆ ತೂತಿನ ಮುಂದೆಯೂ ಒಂದು ಹಳದಿ ಸೇವಂತಿಗೆ ಇಟ್ಟು ಮುಂದಕ್ಕೆ ಹೋದರು.

ಬೈದಿದ್ದರೇ ಚೆನ್ನಾಗಿತ್ತು. ಬಸ್ಸಿನಲ್ಲಿ ಹರಿಣಿ ದಾರಿಯುದ್ದಕ್ಕೂ ಜೇಬಿನೊಳಗೆ ಆ ರೇಷ್ಮೆ ಫ್ರಾಕನ್ನು ಹಿಂಡುತ್ತಾ ಕೂತಿದ್ದಳು.

ಸ್ಕೂಲಿನಲ್ಲಿ ಅವತ್ತೂ ಅವಳೇ ಸ್ಪೀಕರ್. ಅವತ್ತೂ ಯಾರೂ ಏನೂ ಅನ್ನಲಿಲ್ಲ.

ಸಂಜೆ ಹಿಮೇನಾಳ ಅಮ್ಮ ಮೂವರನ್ನೂ ಕರೆದುಕೊಂಡು ಬಂದರು. "ಕಮ್, ಕಮ್! ಕೂತ್ಕೊಳ್ರಮ್ಮಾ," ಅಂತ ಅಜ್ಜಿ ಎಲ್ಲರಿಗೂ ಕುಂಕುಮ ಇಟ್ಟರು. ಕ್ಲೋಯಿ ಕಣ್ಣುಗುಡ್ಡೆ ಮೇಲಕ್ಕೆ ತಿರುಗಿಸಿ ತನ್ನ ಹಣೆಯ ಕುಂಕುಮ ನೋಡಿಕೊಳ್ಳಲು ಒದ್ದಾಡಿದಳು. ಬೆತೆಲ್ ಬಸ್ಸಿನ ಕಿಟಕಿಯೊಳಗೆ ಇಣುಕಿದಳು. "ಓ ಮೈ ಗಾಡ್, ಒಳಗೆ ಸೀಟೂ ಇದೆ!"

ಹಿಮೇನಾಳ ಅಮ್ಮ ಟಿಶ್ಯೂ ಡಬ್ಬಿಯ ತಾರಸಿಗಳನ್ನು ನೋಡುತ್ತಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು. ಅಜ್ಜಿ ಒಂದು ತಾರಸಿಯ ಮೇಲೆ ಬಟ್ಟೆ ಒಣಹಾಕಿದ ದಾರವನ್ನೂ ಕಟ್ಟಿದ್ದರು. "ನಮ್ಮ ಮನೇದೂ ಹೀಗೇ ಇತ್ತು," ಅಂದರು ಆಕೆ ಮೆಲ್ಲಗೆ.

ಹಿಮೇನಾ ಮಾತ್ರ ಸ್ಟೇಜು ನೋಡುತ್ತಿದ್ದಳು. ಮೂರು ಬೊಂಬೆ. ಯಾರೂ ನುಡಿಸದ ಬೆಂಕಿಪೊಟ್ಟಣ. ಒಂದು ತೂತು. ಒಂದು ಹೂವು.

"ರೆನಾತಾ ಎಲ್ಲಿ?"

ಹರಿಣಿ ಜೇಬಿಗೆ ಕೈ ಹಾಕಿದಳು. "ಬಿಟ್ಟು ಹೋದ್ಲಲ್ಲ. ಅದಕ್ಕೇ ತೆಗ್ದೆ."

"ನೀನೇ ತೆಗ್ದ್ಯಾ?" ಹಿಮೇನಾಳ ಕಣ್ಣು ತುಂಬಿಕೊಂಡಿತು. "ಅಂದ್ರೆ ನೀನೂ ಹೋಗ್ತಾ ಇದ್ದೀಯ. ನಂಗೆ ಗೊತ್ತಿತ್ತು!"

"ನಾನಾ?"

"ನೀನು ಹೋಗಿ ಸ್ಪೀಕರ್ ಹತ್ರ ಕೂತ್ಕೊಂಡೆ. ಏನೂ ಹೇಳ್ಲೇ ಇಲ್ಲ. ರೆನಾತಾನೂ ಹಾಗೇ ಮಾಡಿದ್ಲು! ಆ ವಿಡಿಯೋದಲ್ಲಿ ಅವಳೇ ಹೇಳ್ತಾಳೆ. ಬಿಡಬೇಕು ಅಂತ ತುಂಬ ದಿನದಿಂದ ಇತ್ತಂತೆ. ಉಳಿದವ್ರಿಗೆ ಹೇಳೇ ಇರ್ಲಿಲ್ವಂತೆ. ಅವ್ರಿಗೆ ಎಷ್ಟು ಬೇಜಾರಾಗಿದೆ ಗೊತ್ತಾ?"

"ಅವ್ರು ಅವಳನ್ನ ಹೊರಗೆ ಹಾಕ್ಲಿಲ್ವಾ?"

"ಇಲ್ಲ! ಯಾರು ಹಾಗಂದ್ರು?"

ಯಾರೂ ಅಂದಿರಲಿಲ್ಲ. ಹರಿಣಿ ಮೂವರನ್ನೂ ನೋಡಿದಳು. "ಕ್ಲೋಯಿ ಕೇಳಿದ್ಲಲ್ಲ, ಮೂರಾ ನಾಲ್ಕಾ ಅಂತ."

"ಕೇಳಿದ್ದು ಅಷ್ಟೇ!" ಕ್ಲೋಯಿಯ ದನಿ ಕೀರಲಾಯಿತು. "ಲೈನ್ ಹೇಗೆ ನಿಲ್ಲೋದು ಅಂತ ಗೊತ್ತಾಗ್ಬೇಕಲ್ಲ. ಯಾರೂ ಆನ್ಸರೇ ಮಾಡ್ಲಿಲ್ಲ! ಮೂರು ಜನ ಮಾಡಿದ್ರೆ ಶುರೂಲಿ ಕಂಬ ನಿಂತ ಹಾಗೆ ನಿಂತಿರ್ತೀವಿ. ಕೈ ಎಲ್ಲಿಡ್ಬೇಕು ಅಂತಾನೇ ಗೊತ್ತಾಗಲ್ಲ."

"ಇಟ್ಸ್ ಸೋ ಬ್ಯಾಡ್," ಅಂದಳು ಬೆತೆಲ್, ಬಾಯಿ ತುಂಬ ಗುಗ್ಗರಿ.

ಹರಿಣಿಗೆ ಏನೋ ಹೇಳಬೇಕಿತ್ತು. ಸುಮ್ಮನಿರುವುದು ಎಷ್ಟು ಸುಲಭ! ಸುಮ್ಮನಿದ್ದರೆ ಎಲ್ಲರೂ ಗುಗ್ಗರಿ ತಿಂದು ಮನೆಗೆ ಹೋಗುತ್ತಾರೆ. ನಾಳೆ ಅವಳು ಬಟನ್ ಒತ್ತುತ್ತಾಳೆ.

"ನಂಗೆ..." ಅಂದಳು. ಮತ್ತೆ ಶುರುಮಾಡಿದಳು. "ನಂಗೆ ಸ್ಪೀಕರ್ ಇಷ್ಟ ಇಲ್ಲ. ನಂಗೆ ಕೀಬೋರ್ಡ್ ಬೇಕು. ನಾನು ಹೋಗಲ್ಲ."

ಜೇಬಿನಿಂದ ಬೊಂಬೆ ತೆಗೆದಳು. ಫ್ರಾಕು ಮುದ್ದೆಯಾಗಿತ್ತು. ಉಣ್ಣೆಯ ಕೂದಲಿನಲ್ಲಿ ಬಿಸ್ಕತ್ತಿನ ಪುಡಿ. ಹಿಮೇನಾ ಬಾಯಲ್ಲಿ ಉಫ್ ಅಂತ ಊದಿ ಪುಡಿ ಹಾರಿಸಿದಳು. ಮೂಗು ಒರೆಸಿಕೊಂಡು ನಕ್ಕಳು.

ಹರಿಣಿ ಅಜ್ಜಿಯ ಕಡೆ ತಿರುಗಿದಳು. ಅಜ್ಜಿಗೆ ಹುಡುಗಿಯರ ಇಂಗ್ಲಿಷೆಲ್ಲ ಎಷ್ಟು ಅರ್ಥವಾಗಿತ್ತೋ! "ಅಜ್ಜಿ, ಎತ್ತಿದ್ದನ್ನ ವಾಪಸ್ ಕೂರಿಸಬಹುದಾ?"

"ಜಾಗ ಹಾಗೇ ಇದೆಯಲ್ಲ," ಅಂದರು ಅಜ್ಜಿ. "ಹೂ ಸ್ವಲ್ಪ ಪಕ್ಕಕ್ಕೆ ಸರಿಸ್ಕೋ."

ಒಣಗಿದ ಮಣ್ಣಿನಲ್ಲಿ ಚಮಚ ಮೊದಲಿನಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಸ್ವಲ್ಪ ಎಡಕ್ಕೆ ವಾಲಿತು. ಬೆಂಕಿಪೊಟ್ಟಣಕ್ಕೆ ಆನಿಸಿ ನಿಲ್ಲಿಸಬೇಕಾಯಿತು. ಹೊರಡುವಾಗ ಅಜ್ಜಿ ಎಲ್ಲರಿಗೂ ಒಂದೊಂದು ಬೊಂಬೆ ಬಾಗಿನ ಕೊಟ್ಟರು. ಚಕ್ಕುಲಿ, ಕೊಬ್ಬರಿ ಮಿಠಾಯಿಯ ಪೊಟ್ಟಣ. ಕ್ಲೋಯಿ ತನ್ನದನ್ನು ಮೆಟ್ಟಿಲು ಇಳಿಯುವ ಮೊದಲೇ ಬಿಚ್ಚಿದಳು.

ಶುಕ್ರವಾರ ಸ್ಟೇಜಿನ ಮೇಲೆ ಲೈಟು ಬಿದ್ದಾಗ ಹರಿಣಿಗೆ ಓಡಿಹೋಗಬೇಕು ಅನ್ನಿಸಿತು. ಎಡಗಡೆ ಕೊನೆಯಲ್ಲಿ ರಟ್ಟಿನ ಕೀಬೋರ್ಡಿನ ಹಿಂದೆ ನಿಂತಳು. ಟೀಚರ್ ಯಾರೋ ಬಟನ್ ಒತ್ತಿದರು. ಹಾಡು ಶುರುವಾಯಿತು. ಆ ಮೊದಲ ಭಾಗದಲ್ಲಿ ಅವಳೊಬ್ಬಳೇ ಆಡಬೇಕು. ಉಳಿದ ಮೂವರು ತಲೆ ತಗ್ಗಿಸಿ ಕಾಯುತ್ತಿದ್ದರು, ಅವಳಿಗಾಗಿ. ನಡುವೆ ಒಂದು ಕಡೆ ಬೆರಳು ತಪ್ಪಿತು. ಹಿಮೇನಾ ಬಿಟ್ಟು ಬೇರೆ ಯಾರಿಗೂ ಗೊತ್ತಾಗಲಿಲ್ಲ. ಅವಳು ತಲೆ ತಗ್ಗಿಸಿಕೊಂಡೇ ನಕ್ಕಳು.

ಮಾರನೇ ದಿನ ವಿಜಯದಶಮಿ. ಸಂಜೆ ಆರತಿ ಆದಮೇಲೆ ಒಂದು ಬೊಂಬೆಯನ್ನು ಮಲಗಿಸಬೇಕು. ಆಮೇಲೇ ಎಲ್ಲವನ್ನೂ ಪೆಟ್ಟಿಗೆಗೆ ತುಂಬುವುದು. ಪ್ರತಿ ವರ್ಷ ಅಜ್ಜಿ ಪಟ್ಟದ ಬೊಂಬೆಯನ್ನು ಮಲಗಿಸುತ್ತಿದ್ದರು.

"ಈ ಸಲ ನೀನು ಮಲಗಿಸು," ಅಂದರು. "ಯಾರನ್ನ ಮಲಗಿಸ್ತೀಯ?"

ಹರಿಣಿ ರೆನಾತಾಳನ್ನು ಮಣ್ಣಿನಿಂದ ಮೆಲ್ಲಗೆ ಬಿಡಿಸಿದಳು. ಫ್ರಾಕಿನ ಸುಕ್ಕನ್ನು ಹೆಬ್ಬೆರಳಿನಿಂದ ನೀವಿದಳು. ಸ್ಟೇಜಿನ ಮೇಲೆ ಅವಳ ಜಾಗದಲ್ಲೇ ಅಂಗಾತ ಮಲಗಿಸಿ, ಬೆಂಕಿಪೊಟ್ಟಣವನ್ನು ಪಕ್ಕಕ್ಕಿಟ್ಟಳು.

"ಸುಸ್ತಾಗಿತ್ತೇನೋ ಪಾಪ," ಅಂದಳು. "ಯಾರಿಗೂ ಹೇಳೋಕೆ ಬರ್ಲಿಲ್ಲ ಅನ್ಸತ್ತೆ."

"ಹ್ಞೂಂ," ಅಂದರು ಅಜ್ಜಿ.

"ಮುಂದಿನ ವರ್ಷಾನೂ ಇವಳನ್ನ ಕೂರಿಸ್ತೀವಾ?"

"ಮತ್ತೆ? ಇಷ್ಟು ಒಳ್ಳೇ ಫ್ರಾಕು ಹೊಲಿದಿದ್ದೀನಿ."

ಮೂರು ಬೊಂಬೆಗಳು ನಿಂತಿದ್ದವು. ಪಕ್ಕದಲ್ಲಿ ಒಂದು ಮಲಗಿತ್ತು. ಮೊನ್ನೆಯೂ ಅಲ್ಲಿ ಮೂರೇ ನಿಂತಿದ್ದವು, ಆದರೆ ಇದು ಹಾಗೆ ಖಾಲಿಯಾಗಿ ಕಾಣಲಿಲ್ಲ. ಹರಿಣಿ ಬಹಳ ಹೊತ್ತು ನೋಡುತ್ತಾ ಕೂತಳು.

"ಲೈಟ್ ಆರಿಸ್ಲೇನೇ?"

"ಬೇಡ ಅಜ್ಜಿ. ಇನ್ನೂ ಸ್ವಲ್ಪ ಹೊತ್ತು ಇರ್ಲಿ."