ಮೂರನೇ ರೇಡಿಯೇಟರ್

ಸದ್ದಪ್ಪನ ಕಂಪ್ಯೂಟರಿಗೆ ಇನ್ನೊಂದು ರೇಡಿಯೇಟರ್ ಬೇಕಂತೆ ಎಂದು ಅವಳು ಹೇಳಿದಾಗ ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು ತಂಗಿಯ ಮುಖವನ್ನೇ ನೋಡಿದ. ಅವರ ಕಂಪ್ಯೂಟರ್ ರಿಪೇರಿ ಅಂಗಡಿಗೆ ಊಟದ ಡಬ್ಬಿ ತಂದಿದ್ದ ಅತ್ತಿಗೆ ಮಾತ್ರ ಸುಮ್ಮನಿರಲಿಲ್ಲ.

"ಎರಡು ಹಾಕಿದ್ರೂ ಆ ಕಂಪ್ಯೂಟರ್ ಜ್ವರ ಇಳಿದಿಲ್ವಾ? ಇಲ್ಲಾ, ಜ್ವರ ಬಂದಿರೋದು ಬೇರೆ ಯಾರಿಗಾದ್ರೂನಾ?"

ತಂಗಿ ಪೈಪಿನ ಸುರುಳಿ, ಟಿಶ್ಯೂ ಪೇಪರು, ಸ್ಕ್ರೂ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡಳು. ನಗು ತಡೆಯಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡಿದ್ದಳು.

ಸದ್ದಪ್ಪ ಎಂಬುದು ಅಣ್ಣ ಇಟ್ಟ ಅಡ್ಡಹೆಸರು. ಆತ ಸೌಂಡ್ ಎಡಿಟರ್. ಸಿನಿಮಾದವರು ತಂದುಕೊಟ್ಟ ರೆಕಾರ್ಡಿಂಗಿನಲ್ಲಿ ಮಾತನ್ನು ಉಳಿಸಿ ಗಲಾಟೆಯನ್ನು ಅಳಿಸುವುದು ಅವನ ಕಸುಬು. ಕಂಪ್ಯೂಟರಿನ ಫ್ಯಾನುಗಳ ಮೊರೆತದಲ್ಲಿ ಕೆಲಸ ಮಾಡಲಾಗುತ್ತಿಲ್ಲ ಎಂದು ಅಂಗಡಿಗೆ ಬಂದಿದ್ದ. ಬಿಸಿಯನ್ನು ನೀರು ಹೊತ್ತು ತಂದು ರೇಡಿಯೇಟರಿಗೆ ಕೊಡುತ್ತದೆ, ರೇಡಿಯೇಟರ್ ಹೆಚ್ಚಿದಷ್ಟೂ ಫ್ಯಾನು ನಿಧಾನವಾಗಿ ತಿರುಗಿದರೆ ಸಾಕು ಎಂದು ಅವಳೇ ವಿವರಿಸಿದ್ದಳು. ಒಂದು ಹಾಕಿದಳು. ಇನ್ನೂ ಗುಂಯ್ ಅನ್ನುತ್ತಿದೆ ಎಂದು ಫೋನು ಬಂತು. ಎರಡನೆಯದನ್ನು ಹಾಕಿದಳು. ಮತ್ತೆ ಅದೇ ಫೋನು. ಕಂಪ್ಯೂಟರಿನ ಹೊರಪೆಟ್ಟಿಗೆಯಾದ ಕೇಸಿಗೆ ಕಿವಿ ಒತ್ತಿ ಕೇಳಿದರೂ ಅವಳಿಗೆ ಕೇಳಿಸಿದ್ದು ಪಕ್ಕದಲ್ಲಿ ಬಗ್ಗಿದ್ದ ಅವನ ಉಸಿರು ಮಾತ್ರ. ಇಲ್ಲದ ಸದ್ದಿಗೆ ಗಂಡಸು ಪದೇ ಪದೇ ಕರೆದರೆ ಏಕೆಂದು ಹೆಣ್ಣಿಗೆ ಯಾರಾದರೂ ಬಿಡಿಸಿ ಹೇಳಬೇಕೇ?

ಅವನ ಕೆಲಸದ ಕೋಣೆ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಅವನ ಮನೆಯಲ್ಲೇ ಇತ್ತು. ಗೋಡೆಗೆಲ್ಲ ದಪ್ಪ ಸ್ಪಂಜು, ಬಾಗಿಲ ಹಿಂದೆ ಇನ್ನೊಂದು ಬಾಗಿಲು. ಎರಡನ್ನೂ ಹಾಕಿದರೆ ಅವಳ ಚೀಲದ ಜಿಪ್ ಕೂಡ ಜೋರಾಗಿ ಕೇಳುತ್ತಿತ್ತು.

"ಬಂದ್ರಾ ಕೊಳಾಯಿಯವರೇ," ಎಂದ. ಪೈಪು ಜೋಡಿಸುವವಳೆಂದು ಅವನು ಹಾಗೆ ಕರೆಯುತ್ತಿದ್ದ. ಬೇರೆ ಯಾರಾದರೂ ಕರೆದಿದ್ದರೆ ಅವಳು ಸ್ಪ್ಯಾನರ್ ಎಸೆಯುತ್ತಿದ್ದಳು.

ಮೊದಲನೆಯದು ಕೇಸಿನ ಮೇಲ್ಭಾಗದಲ್ಲಿ, ಎರಡನೆಯದು ಮುಂಭಾಗದಲ್ಲಿ ಕೂತಿದ್ದವು. ಮೂರನೆಯದಕ್ಕೆ ಉಳಿದದ್ದು ತಳ. ಅಲ್ಲಿದ್ದ ಹಾರ್ಡ್ ಡಿಸ್ಕಿನ ಗೂಡನ್ನೇ ಕಿತ್ತು ತೆಗೆದಳು. ಆಮೇಲೂ ಗ್ರಾಫಿಕ್ಸ್ ಕಾರ್ಡಿಗೂ ಕೆಳಗಿನ ಫ್ಯಾನುಗಳಿಗೂ ನಡುವೆ ಬೆರಳು ತೂರುವಷ್ಟೇ ಜಾಗ. ಪೈಪು ಅಲ್ಲಿ ಬಳುಕಬೇಕು, ಮಡಿಚಿಕೊಳ್ಳಬಾರದು. ಸ್ಕ್ರೂ ಒಂದೆಳೆ ಉದ್ದವಾದರೂ ರೇಡಿಯೇಟರಿನೊಳಗಿನ ನೀರಿನ ದಾರಿ ತೂತಾಗುತ್ತದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿಯೇ ಹಾಕಿದಳು. ಟಾರ್ಚ್ ಅವನ ಕೈಯಲ್ಲಿತ್ತು. ಬೆಳಕು ಆಗಾಗ ಕೇಸನ್ನು ಬಿಟ್ಟು ಅವಳ ಕೈಮೇಲೆ, ಅಲ್ಲಿಂದ ಕೆನ್ನೆಮೇಲೆ ಬರುತ್ತಿತ್ತು.

"ಸ್ಕ್ರೂ ಇಲ್ಲಿದೆ," ಎಂದಳು ತಲೆ ಎತ್ತದೆ.

"ಗೊತ್ತು," ಎಂದ. ಬೆಳಕು ಕದಲಲಿಲ್ಲ.

ನೀರು ತುಂಬಿದ ಮೇಲೆ ಪೈಪಿನಲ್ಲಿ ಗಾಳಿಗುಳ್ಳೆ ಉಳಿಯುತ್ತದೆ. ಅದನ್ನು ಓಡಿಸಲು ಕೇಸನ್ನು ಆ ಕಡೆ ಈ ಕಡೆ ವಾಲಿಸಬೇಕು. ಇಬ್ಬರೂ ಎದುರುಬದುರು ಮಂಡಿಯೂರಿ, ಮಗುವಿಗೆ ತೇಗು ಬರಿಸುವ ಹಾಗೆ ಅದನ್ನು ಮೆಲ್ಲಗೆ ಎತ್ತಿ ಓಲಾಡಿಸಿದರು. ಗುಳ್ಳೆಯೊಂದು ಸರ್ರನೆ ಮೇಲೇರಿ ಮಾಯವಾದಾಗ ಒಟ್ಟಿಗೆ ನಕ್ಕರು. ಅವನ ಬೆರಳು ಅವಳ ಬೆರಳ ಮೇಲಿತ್ತು. ಕೇಸನ್ನು ನೆಲಕ್ಕಿಟ್ಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಪ್ರತಿ ಜೋಡಣೆಯ ಕೆಳಗೂ ಟಿಶ್ಯೂ ಪೇಪರು ಹಾಸಿ, ಬರೀ ಪಂಪು ಓಡಿಸಿ ಕಾದರು. ಎಲ್ಲೂ ಹನಿ ಬೀಳಲಿಲ್ಲ. ಆಮೇಲೆ ಕಂಪ್ಯೂಟರ್ ಚಾಲೂ ಮಾಡಿ, ಮುಂದೆ ತಾನೇ ಕೂರಿಸಿದ್ದ ಸ್ಪೀಡ್ ನಾಬನ್ನು ಪೂರ್ತಿ ಕೆಳಗಿಳಿಸಿದಳು. ಫ್ಯಾನುಗಳ ರೆಕ್ಕೆ ಎಣಿಸಬಹುದಾದಷ್ಟು ನಿಧಾನ. ಅವಳಿಗೆ ಏನೂ ಕೇಳಿಸಲಿಲ್ಲ. ಅವನು ಕಣ್ಣು ಮುಚ್ಚಿದ, ಹುಬ್ಬು ಗಂಟಿಕ್ಕಿದ.

"ಇನ್ನೂ ಇದೆ. ಸಣ್ಣಗೆ, ಗುಂಯ್ ಅಂತ."

ಅವಳಿಗೆ ಕುಣಿಯಬೇಕೆನಿಸಿತು. ಕೇಸಿನಲ್ಲಿ ನಾಲ್ಕನೆಯದಕ್ಕೆ ಜಾಗವಿಲ್ಲ. ಅವನ ನೆಪ ಮುಗಿಯದಿದ್ದರೂ ಇವಳ ಜಾಗ ಮುಗಿದಿತ್ತು. ಇವತ್ತು ಕಳ್ಳನನ್ನು ಹಿಡಿದು ಬಾಯಿಬಿಡಿಸಿಯೇ ಹೋಗಬೇಕೆಂದುಕೊಂಡಳು. ಒಂದು ಸೆಟ್ಟಿಂಗ್ ಬದಲಾಯಿಸುತ್ತೇನೆ, ಕಣ್ಣು ಬಿಡಬೇಡಿ ಎಂದು ಹೇಳಿ, ಕಂಪ್ಯೂಟರನ್ನು ಆರಿಸಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತಳು. ಫ್ಯಾನುಗಳು ನಿಂತವು. ಪಂಪು ನಿಂತಿತು.

"ಈಗ?"

"ಈಗಲೂ ಇದೆ." ಕಿವಿಗೊಟ್ಟು ಇನ್ನಷ್ಟು ಆಲಿಸಿದ. "ಈಗ ಸ್ವಲ್ಪ ಜಾಸ್ತೀನೇ."

"ಕಣ್ಣು ಬಿಡಿ," ಎಂದು ಪ್ಲಗ್ಗನ್ನು ಅವನ ಮೂಗಿನ ಮುಂದೆ ತೂಗಾಡಿಸಿದಳು. "ಸಿಕ್ಕಿಬಿದ್ರಿ."

ಅವಳು ನಗುತ್ತಿದ್ದಳು. ಅವನೂ ನಗುತ್ತಾನೆ, ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾನೆ ಎಂದು ಕಾದಳು. ಅವನು ಪ್ಲಗ್ಗನ್ನು ನೋಡಿದ, ಗೋಡೆಯನ್ನು ನೋಡಿದ, ನಿಂತ ಫ್ಯಾನುಗಳನ್ನು ನೋಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

ಎದ್ದು ಹೋಗಿ ಮಾನಿಟರ್ ಆರಿಸಿದ. ಅಡುಗೆಮನೆಯ ಫ್ರಿಜ್ ಆರಿಸಿದ. ಕೊನೆಗೆ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿ ಬಂದ. ಬಾಗಿಲ ಸಂದಿನಿಂದ ಬರುತ್ತಿದ್ದ ಸಂಜೆಯ ಬೆಳಕಿನಲ್ಲಿ ನಿಂತು ಎರಡೂ ಕಿವಿ ಮುಚ್ಚಿಕೊಂಡ, ತೆಗೆದ, ಮತ್ತೆ ಮುಚ್ಚಿಕೊಂಡ.

"ನಿಂಗೂ ಕೇಳಿಸ್ತಿದೆ ಅಂತ ಹೇಳು."

ಅವನು ಅವಳನ್ನು ನೀನು ಎಂದದ್ದು ಅದೇ ಮೊದಲು. ಆ ಒಂದು ಮಾತಿಗಾಗಿ ಅವಳು ಎಷ್ಟು ಕಾದಿದ್ದಳು! ಹೂಂ ಎಂದುಬಿಟ್ಟರೆ ಅವನು ಇನ್ನೂ ಕೆಲವು ದಿನ ಬರೀ ಕೆಟ್ಟ ಕಂಪ್ಯೂಟರ್ ಇರುವ ಮನುಷ್ಯನಾಗಿ ಉಳಿಯುತ್ತಿದ್ದ. ಅವಳೂ ಚೀಲ ಹಿಡಿದು ಮತ್ತೆ ಬರಬಹುದಿತ್ತು. ಬಾಯಿವರೆಗೂ ಬಂತು.

"ಇಲ್ಲ," ಎಂದಳು. "ಏನೂ ಸದ್ದಿಲ್ಲ."

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ನೆಲ ನೋಡುತ್ತಲೇ ಕೇಳಿದ: "ನಿನ್ನ ನೋಡೋಕೆ ನೆಪ ಹೇಳ್ತಿದೀನಿ ಅಂದ್ಕೊಂಡಿದ್ಯಾ?"

"ಹೂಂ."

"ಅಷ್ಟೇ ಆಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಕಿವಿಯ ಡಾಕ್ಟರಿಗೆ ತೋರಿಸಿ ಬಂದ ಮೇಲೆ, ಅವರು ಹೇಳಿದ್ದನ್ನು ಅವನೇ ಅವಳಿಗೆ ಫೋನಿನಲ್ಲಿ ತಿಳಿಸಿದ. ಕೇಳುವ ಶಕ್ತಿ ಆಗಲೇ ಸವೆದಿದೆ, ಇನ್ನೂ ಸವೆಯುತ್ತದೆ, ತಡೆಯಲು ತಮ್ಮ ಹತ್ತಿರ ಮದ್ದಿಲ್ಲ ಎಂದಿದ್ದರಂತೆ. ಆ ಗುಂಯ್ ಎನ್ನುವುದು ಕಿವಿಯೊಳಗಿನದೇ, ಸುತ್ತ ನಿಶ್ಶಬ್ದವಾದಷ್ಟೂ ಅದು ಜೋರಾಗುತ್ತದಂತೆ. ಅಂದರೆ ತಾನು ಒಂದೊಂದು ರೇಡಿಯೇಟರ್ ಹಾಕಿದಾಗಲೂ ಅವನ ಸಂಕಟವನ್ನು ಹೆಚ್ಚಿಸಿಯೇ ಬಂದೆ ಎಂದು ಅವಳಿಗೆ ಹೊಳೆಯಿತು. ಅತ್ತಿಗೆ ಚೇಷ್ಟೆ ಮಾಡುವುದನ್ನು ಬಿಟ್ಟು, ಅವಳು ಮುಟ್ಟದ ಡಬ್ಬಿಯನ್ನು ವಾಪಸು ಒಯ್ಯುತ್ತಿದ್ದಳು.

ಅವನು ಸಿನಿಮಾದವರಿಗೆ ಕೆಲಸ ಹಿಂದಿರುಗಿಸಿದ. ಕಂಪ್ಯೂಟರ್ ಬಿಚ್ಚಿಕೊಂಡು ಹೋಗು, ಕಿವಿ ಇದ್ದವರಿಗೆ ಕೊಡು ಎಂದ. ಆಮೇಲೆ ಬರಬೇಡ ಎಂದೂ ಹೇಳಿದ. ನಿನ್ನ ಮಾತು ಒಂದೊಂದೇ ಅಕ್ಷರ ಕಳೆದುಹೋಗುವುದನ್ನು ಕೂತು ನೋಡಲಾರೆ ಎಂದು ಫೋನಿಟ್ಟ.

ಅವಳು ಬಿಚ್ಚಲೆಂದೇ ಹೋದಳು. ಮಧ್ಯಾಹ್ನದ ಹೊತ್ತು. ಅವನ ಗಡ್ಡ ಬೆಳೆದಿತ್ತು, ಕಣ್ಣು ನಿದ್ದೆ ಕಂಡಿರಲಿಲ್ಲ. ಕೊಳಾಯಿಯವರೇ ಎಂದು ಕರೆಯಲಿಲ್ಲ. ಗೋಡೆಗೆ ಒರಗಿ ಕೂತು ಬೇರೆ ಕಡೆ ನೋಡಿದ.

ನೀರು ಬಸಿಯಲು ಪೈಪಿಗೆ ಕೈ ಹಾಕಿದವಳು ಕೈ ಹಿಂದೆಗೆದಳು. ಪ್ಲಗ್ ಸಿಕ್ಕಿಸಿ, ಕಂಪ್ಯೂಟರ್ ಚಾಲೂ ಮಾಡಿ, ಸ್ಪೀಡ್ ನಾಬನ್ನು ಕೊನೆಯವರೆಗೂ ತಿರುಗಿಸಿದಳು. ಮೂರೂ ರೇಡಿಯೇಟರಿನ ಅಷ್ಟೂ ಫ್ಯಾನುಗಳು ಒಮ್ಮೆಲೇ ಭೋರ್ಗರೆದವು. ಮೇಜಿನ ಮೇಲಿನ ಟಿಶ್ಯೂ ಪೇಪರು ಹಾರಿ ಬಿತ್ತು.

ಅವನು ಬೆಚ್ಚಿ ತಿರುಗಿದ. ಆಮೇಲೆ ಮೆಲ್ಲಗೆ ಅವನ ಹುಬ್ಬು ಸಡಿಲಾಯಿತು, ಹೆಗಲು ಇಳಿಯಿತು.

"ಮುಳುಗಿಹೋಯ್ತು," ಎಂದು ಕೂಗಿ ಹೇಳಿದ. "ಗುಂಯ್ ಅನ್ನೋದು ಮುಳುಗಿಹೋಯ್ತು." ತಲೆಯನ್ನು ಸ್ಪಂಜಿಗೆ ಆನಿಸಿ ಕಣ್ಣು ಮುಚ್ಚಿದ.

ಅವಳು ಪಕ್ಕದಲ್ಲಿ ಕೂತಳು. ಇಷ್ಟು ದಿನ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಆ ಗದ್ದಲದಲ್ಲಿ ಹೇಳಿಬಿಟ್ಟಳು. ಅಲ್ಲಿ ಯಾರಿಗೂ ಕೇಳಿಸುವಂತಿರಲಿಲ್ಲ, ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಅದಕ್ಕೇ ಧೈರ್ಯ ಬಂದಿತ್ತು. ಕಣ್ಣೊರೆಸಿಕೊಂಡು ನೋಡಿದರೆ ಅವನು ಅವಳ ತುಟಿಯನ್ನೇ ನೋಡುತ್ತಿದ್ದ.

ಏನಂದೆ ಎಂದು ಸನ್ನೆ ಮಾಡಿದ. ಅವಳು ಏನಿಲ್ಲವೆಂದು ತಲೆಯಾಡಿಸಿದಳು.

ಅವನು ಕೈ ಚಾಚಿ ನಾಬ್ ತಿರುಗಿಸತೊಡಗಿದ. ಗದ್ದಲ ಇಳಿದ ಹಾಗೆಲ್ಲ ಅವನ ಹುಬ್ಬು ಮತ್ತೆ ಗಂಟಾಗುತ್ತಾ ಬಂತು. ಆ ಗುಂಯ್ ಮರಳಿ ಬರುವುದನ್ನು ಅವಳು ಅವನ ಮುಖದಲ್ಲೇ ಕಂಡಳು. ಬೇಡ, ಹಾಗೇ ಇರಲಿ ಎಂದು ಅವನ ಮಣಿಕಟ್ಟು ಹಿಡಿದಳು. ಅವನು ಬಿಡಿಸಿಕೊಂಡು ಪೂರ್ತಿ ಕೆಳಗಿಳಿಸಿದ.

"ಹೇಳು."

"ರಿಪೇರಿ ಇಲ್ದಿದ್ರೂ ಬರ್ತೀನಿ," ಎಂದಳು. "ನಿಂಗೆ ಏನೂ ಕೇಳಿಸದೇ ಹೋದ್ರೂ ಬರ್ತೀನಿ. ನಂಗೆ ನೀನು ಬೇಕು."

ಅವನ ಕಣ್ಣು ಅವಳ ತುಟಿ ಬಿಟ್ಟು ಕದಲಲಿಲ್ಲ.

"ಇನ್ನೊಂದ್ಸಲ ಹೇಳು," ಎಂದ.

ಕೇಳಿಸಲಿಲ್ಲವೋ, ಮತ್ತೊಮ್ಮೆ ಬೇಕೆನಿಸಿತೋ, ಅವಳಿಗೆ ತಿಳಿಯಲಿಲ್ಲ. ಇನ್ನೂ ಹತ್ತಿರ ಸರಿದು, ಮೊದಲಿನಿಂದ ಹೇಳಿದಳು.