ಇಲ್ಲವೆಂದು ಬರೆಯದವಳು

ಖಾಕಿ ಪ್ಯಾಂಟು ಕಂಡದ್ದೇ ಕರಿಬಸಮ್ಮ ಪೊರಕೆ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

"ನನ್ನ ಮ್ಯಾಲೆ ಯಾವ ಕೇಸೂ ಇಲ್ರೀ ಸಾಹೇಬ್ರೆ."

ಸೈಕಲ್ಲಿನಿಂದ ಇಳಿದವನು ನಕ್ಕುಬಿಟ್ಟ. "ನಾನು ಪೊಲೀಸಲ್ಲ ರೀ. ಜಗಳೂರು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಮುರುಗೇಶಪ್ಪ ಅಂತ. ಎನ್‌ಸಿಸಿ ಪರೇಡ್ ಮುಗಿಸಿ ಹಂಗೇ ಬಂದೆ. ನಿಮಗೆ ಇಂಗ್ಲಿಷ್ ಕಲಿಸಾಕೆ ಬಿಡಿಓ ಸಾಹೇಬ್ರು ಕಳಿಸಿದಾರೆ."

ಅದು ಎಂಬತ್ತೆಂಟನೇ ಇಸವಿ. ಹಿಂದಿನ ವರ್ಷವಷ್ಟೇ ಕರಿಬಸಮ್ಮ ಮಂಡಲ ಪಂಚಾಯಿತಿಗೆ ಆರಿಸಿ ಬಂದಿದ್ದಳು. ಸಭೆಯಲ್ಲಿ ಕುರ್ಚಿ ಕೊಡದಿದ್ದರೂ ನಿಂತೇ ವಾದಿಸಿ ತಮ್ಮ ದಲಿತರ ಕೇರಿಗೆ ಬೋರ್‌ವೆಲ್ ತರಿಸಿದ್ದಳು. ಅಮೆರಿಕದ ಸರ್ಕಾರ ನಮ್ಮ ಕಡೆಯ ಯುವ ಮುಖಂಡರನ್ನು ಒಂದು ತಿಂಗಳು ಕರೆಸಿಕೊಂಡು ತನ್ನ ಊರುಗಳ ಆಡಳಿತ ತೋರಿಸುತ್ತದಂತೆ. ಆ ಪಟ್ಟಿಗೆ ಅವಳ ಹೆಸರು ಸೇರಿತ್ತು. ಇಡೀ ಕೇರಿ ತಾನೇ ವಿಮಾನ ಹತ್ತುವಂತೆ ಹಿಗ್ಗಿತ್ತು.

ದಿನಾ ಸಂಜೆ ಜಗಲಿಯ ಮೇಲೆ ಪಾಠ.

"ಮಿಸ್ಟರ್ ಚೇರ್ಮನ್, ಐ ಡಿಸಗ್ರೀ!"

"ಅಷ್ಟು ಸಿಟ್ಟು ಯಾಕ್ರೀ? ಒಂದೀಟು ನಗ್ತಾ ಹೇಳ್ರಿ."

"ನಗ್ತಾ ಹೇಳಿದ್ರೆ ಯಾರು ನಂಬ್ತಾರೆ?"

"ನಾನು ನಂಬ್ತೀನಿ."

ಅವನು ಅವಳ ಮೇಲಿಂದ ಕಣ್ಣು ಕೀಳಲಿಲ್ಲ. ಅವಳು ಪುಸ್ತಕಕ್ಕೆ ಬಗ್ಗಿ ಅದೇ ಸಾಲನ್ನು ಮೂರು ಸಲ ಓದಿದಳು. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಕಿವಿ ಬೆಚ್ಚಗಾಗಿತ್ತು.

ಅವನು ಲಿಂಗಾಯತರ ಹುಡುಗ. ಅವನ ಅಕ್ಕನನ್ನು ಇದೇ ಊರಿನ ಮೇಲಿನ ಬೀದಿಗೆ ಕೊಟ್ಟಿದ್ದರು. ಮಾತು ಹಬ್ಬಲು ಎಷ್ಟು ಹೊತ್ತು?

ಪಾಸ್‌ಪೋರ್ಟಿನ ವಿಚಾರಣೆಗೆ ನಿಜವಾದ ಪೊಲೀಸರು ಬಂದರು. ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದರು: ಮೇಷ್ಟ್ರ ಜತೆ ಸಂಬಂಧವಿಟ್ಟುಕೊಂಡ ನಡತೆಗೆಟ್ಟವಳನ್ನು ದೇಶದ ಪರವಾಗಿ ಕಳಿಸಬಾರದು.

ಸಬ್‌ಇನ್‌ಸ್ಪೆಕ್ಟರ್ ಅವಳನ್ನು ಠಾಣೆಗೆ ಕರೆಸಿ ಒಂದು ಹಾಳೆ ಮುಂದೆ ತಳ್ಳಿದ. "ಮೇಷ್ಟ್ರು ಬೆಳಿಗ್ಗೆನೇ ಬರೆದು ಕೊಟ್ಟವ್ರೆ. ನಿನಗೂ ಅವರಿಗೂ ಏನೂ ಇಲ್ಲ ಅಂತ ನೀನೂ ಬರಿ. ಮುಗೀತು."

ಪಾಠದ ಹೊತ್ತಿನಲ್ಲಿ ಅವನು ಬರೆದುಕೊಡುತ್ತಿದ್ದ ಅದೇ ದುಂಡನೆಯ ಅಕ್ಷರ. *ಆಕೆಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ.* ಕರಿಬಸಮ್ಮ ಅದನ್ನು ಎರಡು ಸಲ ಓದಿದಳು. ಬರೆದರೆ ಅಮೆರಿಕ. ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

"ಇಲ್ಲ ಅಂತ ನಾನು ಬರೆಯಾಕಿಲ್ಲ ಸಾರ್."

ಹೊರಗೆ ಮರದಡಿ ನಿಂತಿದ್ದ ಮುರುಗೇಶಪ್ಪನಿಗೂ ಅದನ್ನೇ ಹೇಳಿದಳು. "ಏನು ಮಾಡಿದ್ರಿ! ನಿಮಗೋಸ್ಕರನೇ ಬರೆದೆ ನಾನು."

"ನನಗೋಸ್ಕರ ಆಗಿದ್ರೆ ಬರೆಯೋ ಮುಂಚೆ ನನ್ನ ಕೇಳ್ತಿದ್ರಿ. ನೀವು ನಿಮ್ಮ ಅಂಜಿಕೆಗೆ ಬರೆದಿದ್ದು."

ಅವನು ಸೈಕಲ್ಲು ತಳ್ಳಿಕೊಂಡು ಹೊರಟುಹೋದ.

ಪಟ್ಟಿಯಿಂದ ಅವಳ ಹೆಸರು ಹೋಯಿತು. ಅವಳ ಬದಲಿಗೆ ಬೇರೊಂದು ಊರಿನ ಗೌಡರ ಮಗ ಹೋದ. ಕೇರಿಯ ಹೆಂಗಸರು ಬೋರ್‌ವೆಲ್ಲಿನ ಹತ್ತಿರ ಮುಖ ತಿರುಗಿಸಿದರು. ತಾಯಿ ಗಿಡ್ಡಮ್ಮ ಒಂದೇ ಮಾತು ಅಂದಳು: "ನಿನ್ನ ಒಬ್ಬಳ ಅಮೆರಿಕ ಆಗಿರಲಿಲ್ಲ ಕಣವ್ವ ಅದು."

ಆ ಮಾತಿಗೆ ಮಾತ್ರ ಅವಳು ಅತ್ತಳು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮುರುಗೇಶಪ್ಪ ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ, ಹುಬ್ಬಿನ ಮೇಲೆ ಹೊಲಿಗೆ ಹಾಕಿದ ಗಾಯ.

"ಠಾಣೆಗೆ ಹೋಗಿ ನಾನು ಬರೆದಿದ್ದು ಸುಳ್ಳು ಅಂತ ಹೇಳಿಬಂದೆ. ಸ್ಕೂಲಿನವರು ಕೆಲಸದಿಂದ ತೆಗೆದ್ರು. ಭಾವ ಹೊಡೆದ. ತಡ ಆತು, ಗೊತ್ತೈತೆ. ನಿಮ್ಮನ್ನ ಬಿಟ್ಟಿರಾಕೆ ಆಗ್ತಿಲ್ಲ ಕರಿಬಸಮ್ಮ."

ಎಷ್ಟೋ ಸಂಜೆ ಕಾದಿದ್ದ ಮಾತು. ಈಗ ಬಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇದನ್ನ ಕೇರಿ ಒಳಗೆ ಹೇಳೋದು ಸಲೀಸು," ಎಂದಳು. "ನಂಗೆ ಸಭೆಗೆ ಹೊತ್ತಾತು. ಜತೆಗೆ ಬರ್ತೀರಾ? ಮೇಲಿನ ಬೀದಿಯಾಗೇ?"

ಅವನು ಆ ಬೀದಿಯ ಕಡೆ ನೋಡಿದ.

"ಬರ್ತೀನಿ."

ಮೊದಲ ಮನೆಯ ಬಾಗಿಲು ಧಡ್ಡನೆ ಮುಚ್ಚಿದಾಗ ಅವನ ಹೆಜ್ಜೆ ತಡವರಿಸಿತು. ಎರಡನೆಯದು ಅವನ ಅಕ್ಕನ ಮನೆ. ಅಕ್ಕ ಹೊಸ್ತಿಲಿಂದಾಚೆ ಉಗುಳಿ ಒಳಗೆ ಹೋದಳು. ಎಲ್ಲರ ಎದುರಿಗೆ ಕರಿಬಸಮ್ಮ ಅವನ ಕೈ ಹಿಡಿದುಕೊಂಡಳು. ಪಂಚಾಯಿತಿ ಕಟ್ಟೆ ಮುಟ್ಟಲು ಇನ್ನೂ ಹನ್ನೊಂದು ಮನೆಗಳಿದ್ದವು.