ಹಬೆ ಕಟ್ಟಿದ ಗಾಜು

"ಇವಳೇ ಕದ್ದಿದ್ದು! ಮಧ್ಯಾಹ್ನದ ದೋಣಿಗೆ ಪೊಲೀಸರ ಜೊತೆ ಕಳಿಸಿ!" ಎಂದು ಗೈಡ್ ಅರಚುತ್ತಿದ್ದ.

ಅವನ ಬೆರಳು ನೆಟ್ಟಿದ್ದು ನನ್ನ ತಂಗಿಯ ಮಗಳ ಮೇಲೆ. ನಮ್ಮ ದ್ವೀಪದ ವಸ್ತುಸಂಗ್ರಹಾಲಯದ ಕಸ ಗುಡಿಸುವಾಕೆ ಅವಳು. ಅಲ್ಲಿನ ಹಳೇ ಮರಳು ಗಡಿಯಾರವನ್ನು ದಿನಾ ಬೆಳಿಗ್ಗೆ ಮೊದಲು ತಲೆಕೆಳಗು ಮಾಡಿಡುವುದೂ ಅವಳೇ. ಬೇರೆ ಯಾರೂ ತಿರುಗಿಸುವುದಿಲ್ಲ. ಒಂದು ಗಂಟೆಯಲ್ಲಿ ಮರಳೆಲ್ಲ ಇಳಿದು ನಿಲ್ಲುತ್ತದೆ. ಈಗ ಅದರ ಗಾಜಿನ ಪೆಟ್ಟಿಗೆ ಬರಿದಾಗಿತ್ತು. ಪೆಟ್ಟಿಗೆಯ ಕೀಲಿ ಬಾಗಿಲ ಹಿಂದೆ ಮೊಳೆಯಲ್ಲಿ ಎಲ್ಲರ ಕೈಗೂ ಸಿಗುವಂತೆ ನೇತಾಡುತ್ತಿತ್ತು.

ಓಡಿಹೋಗಿ ಅಂಚೆಯಮ್ಮನನ್ನು ಕರೆತಂದೆ. ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿದವರು. ಊರಿನಲ್ಲಿ ಏನು ಕಳೆದರೂ ಅವರೇ ಹುಡುಕಬೇಕು, ನಾನು ಜೊತೆಗಿರಬೇಕು.

ಹೆಚ್ಚು ಜನ ಬಾರದ ಚಳಿಗಾಲದಲ್ಲಿ ಬಂದಿದ್ದ ಆರು ಪ್ರವಾಸಿಗರು ಕೋಟಿನೊಳಗೆ ಕೈ ಹುದುಗಿಸಿ ನಿಂತಿದ್ದರು.

"ಹತ್ತು ಗಂಟೆಗೆ ಇವರಿಗೆಲ್ಲ ತೋರಿಸಿದ್ದೀನಿ," ಎಂದ ಗೈಡ್. "ಆಮೇಲೆ ಪಕ್ಕದ ಕೋಣೇಲಿ ಟೀ ಕುಡೀತಿದ್ವಿ. ಇಲ್ಲಿದ್ದೋಳು ಇವಳೊಬ್ಳೇ."

"ನೀನು ಎಷ್ಟೊತ್ತಿಗೆ ಬಂದ್ಯಮ್ಮ?" ಎಂದು ಅಂಚೆಯಮ್ಮ ಕೇಳಿದರು.

"ಹನ್ನೊಂದಕ್ಕೆ. ಚಳಿಗೆ ಮನೆ ನಲ್ಲೀಲಿ ನೀರು ಹೆಪ್ಪುಗಟ್ಟಿತ್ತು, ಬಿಸಿನೀರು ಹಾಕಿ ಬಿಡಿಸೋ ಹೊತ್ತಿಗೆ ತಡ ಆಯ್ತು. ಗಡಿಯಾರ ತಿರುಗಿಸೋದನ್ನೂ ಬಿಟ್ಟು ಮೊದಲು ನೆಲ ಒರೆಸೋಕೆ ಹೋದೆ. ಪೆಟ್ಟಿಗೆ ಹತ್ರಾನೂ ಹೋಗಿಲ್ಲ. ಮಾವ, ನೀವಾದ್ರೂ ನಂಬ್ತೀರಲ್ಲ?"

ನಾನು ಅವಳ ಪಕ್ಕ ಹೋಗಿ ನಿಂತೆ.

ಚಿನ್ನದ ಹಲ್ಲಿನ ಪ್ರವಾಸಿ ಮುಂದೆ ಬಂದ. "ಕಣ್ಣಾರೆ ನೋಡಿದೀನ್ರೀ. ಮರಳು ಸಣ್ಣಗೆ ಇಳೀತಿತ್ತು." ಉಳಿದವರೂ ತಲೆಯಾಡಿಸಿದರು.

ಒಬ್ಬ ಅಜ್ಜಿ ಮಾತ್ರ ಗೊಣಗಿದರು. "ನನಗೇನೂ ಕಾಣ್ಲಿಲ್ಲಪ್ಪ. ಈ ಕೋಣೇಲೇ ಟೀ ನೀರು ಕುದೀತಿತ್ತು. ನನ್ನ ಕನ್ನಡಕಕ್ಕೂ ಹಬೆ, ಆ ಪೆಟ್ಟಿಗೆಗೂ ಹಬೆ. ಒರೆಸೋಣ ಅಂದ್ರೆ ಹತ್ರ ಬರಬೇಡಿ ಅಂದ ಈ ಗೈಡು. ಈ ಹುಡುಗಿ ಆಗ ಇಲ್ಲಿರ್ಲೂ ಇಲ್ಲ."

ಅಂಚೆಯಮ್ಮ ಕೋಣೆಯನ್ನೊಮ್ಮೆ ಸುತ್ತಿದರು. ಬೆಂಕಿ ಆರಿಸಲು ಇಟ್ಟ ಮರಳಿನ ಬಕೆಟ್ಟಿನ ಮುಂದೆ ನಿಂತರು. "ಅಣ್ಣ, ಇದನ್ನ ಸುರಿ."

ಸುರಿದೆ. ಮರಳಿನ ಜೊತೆ ಗಾಜಿನ ಚೂರುಗಳು, ಮುರಿದ ಮರದ ಚೌಕಟ್ಟು ನೆಲಕ್ಕೆ ಬಿದ್ದವು.

"ಎಲ್ಲರೂ ಕೇಳಿ," ಎಂದರು ಅಂಚೆಯಮ್ಮ. "ಹತ್ತು ಗಂಟೆಗೆ ಇವಳು ಇಲ್ಲಿರಲೇ ಇಲ್ಲ. ಗಡಿಯಾರಾನ ತಿರುಗಿಸಿದವರೂ ಇಲ್ಲ. ಹಾಗಿದ್ದ ಮೇಲೆ ಮರಳು ಇಳಿಯೋದು ಎಲ್ಲಿಂದ? ಗೈಡಪ್ಪ, 'ನೋಡಿ, ಮರಳು ಸಣ್ಣಗೆ ಇಳೀತಿದೆ' ಅಂತ ದಿನಾ ಹೇಳೋ ಪಾಠ ನಿನ್ನ ಬಾಯಿಂದ ತಾನಾಗೇ ಬಂತು. ಅದನ್ನ ಕೇಳಿ ಇವರು ಹಬೆ ನೋಡಿನೇ ಮರಳು ಕಂಡ್ವಿ ಅಂದ್ಕೊಂಡ್ರು. ಟೀ ನೀರು ಇಡೋ ಜಾಗ ಪಕ್ಕದ ಕೋಣೆ. ಈವತ್ತು ಇಲ್ಲಿ ಯಾಕಿಟ್ಟೆ? ಖಾಲಿ ಪೆಟ್ಟಿಗೆ ಕಾಣಬಾರದು ಅಂತ ತಾನೇ?"

ಗೈಡ್ ಬಗ್ಗಿ ಮುರಿದ ಚೌಕಟ್ಟನ್ನು ಎತ್ತಿಕೊಂಡ. "ನಿನ್ನೆ ಒಬ್ಬರಿಗೆ ಕೈಗೆ ಕೊಟ್ಟು ತೋರಿಸೋಕೆ ಹೋದೆ... ಜಾರಿಬಿಡ್ತು. ಕೆಲಸ ಹೋಗುತ್ತೆ ಅಂತ..."

"ನಿನ್ನ ಕೆಲಸ ಉಳಿಯೋಕೆ ಅವಳು ಜೈಲಿಗೆ ಹೋಗಬೇಕಿತ್ತೇನೋ!" ಎಂದೆ. ನನ್ನ ದನಿ ಅಷ್ಟು ಜೋರಿದೆಯೆಂದು ನನಗೇ ತಿಳಿದಿರಲಿಲ್ಲ.

"ಆಗ ಪೆಟ್ಟಿಗೆ ಮುಂದೆ ಎಲ್ಲರೂ ಕಾಣ್ತಿದೆ ಅಂದ್ರು. ಅದಕ್ಕೇ ನಾನೂ..." ಎಂದು ಚಿನ್ನದ ಹಲ್ಲಿನವನು ತಡವರಿಸಿದ.

"ಬಾಯಿ ಮುಚ್ರೀ," ಎಂದರು ಅಜ್ಜಿ.

ಗೈಡ್ ಅಭ್ಯಾಸಬಲದಿಂದ ನನ್ನ ತಂಗಿಯ ಮಗಳ ಕಡೆ ತಿರುಗಿದ. "ಯಾರಾದ್ರೂ ತುಳೀತಾರೆ, ಸ್ವಲ್ಪ ಗುಡಿಸಮ್ಮ."

ಅವಳು ಪೊರಕೆಯನ್ನು ಅವನ ಎದೆಗೆ ಒತ್ತಿ ಹಿಡಿದಳು. "ನೀನೇ ಗುಡಿಸು. ಒಂದು ಚೂರೂ ಬಿಡಬೇಡ. ನಾನು ನೋಡ್ತಾ ನಿಂತಿರ್ತೀನಿ."